ಬನ್ನಿ ಅಂದವರು, ಕಳಿಸಿ ಅಂದವರು



ಕಾಣೆಯಾದವರ ಬಗ್ಗೆ ರೇಡಿಯೋದಲ್ಲಿ ಪ್ರಕಟಣೆ ಬರುತ್ತಿದ್ದ ಕಾಲ ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು. ವಯಸ್ಸು ಇಷ್ಟು, ಎತ್ತರ ಇಷ್ಟು, ಗೋಧಿ ಬಣ್ಣ, ಸಾಧಾರಣ ಮೈಕಟ್ಟು, ಮನೆಯಿಂದ ಹೊರಟಾಗ ತೊಟ್ಟಿದ್ದು ನೀಲಿ ಅಂಗಿ, ಬಲ್ಲ ಭಾಷೆ ಕನ್ನಡ, ತೆಲುಗು. ಆ ಒಕ್ಕಣೆ ನಮ್ಮ ಕಿವಿಯಲ್ಲಿ ಎಷ್ಟು ಕೂತುಬಿಟ್ಟಿತ್ತೆಂದರೆ 2016ರಲ್ಲಿ ಅದನ್ನೇ ಹೆಸರಾಗಿಟ್ಟುಕೊಂಡು ಒಂದು ಸಿನಿಮಾ ಬಂತು, ಅನಂತನಾಗ್ ಅವರದು. ಊಟದ ತಟ್ಟೆ ಮುಂದಿಟ್ಟುಕೊಂಡು ಅರೆಗಿವಿಯಲ್ಲಿ ಕೇಳುತ್ತಿದ್ದ ಆ ಒಕ್ಕಣೆಯನ್ನು ಒಂದು ದಿನ ನಾನೇ ಬರೆಯಬೇಕಾಗುತ್ತದೆ, ಅದೂ ನಾಲ್ಕು ಕಾಲಿನವನೊಬ್ಬನಿಗಾಗಿ, ಅಂತ ಕನಸಿನಲ್ಲೂ ಎಣಿಸಿರಲಿಲ್ಲ.

ಅವನ ಹೆಸರು ಗುಂಡ. ಜಾತಿ ನಾಯಿಯಲ್ಲ, ಬೀದಿ ನಾಯಿ. ಈಗಿನವರು ಇಂಡಿ ಅನ್ನುತ್ತಾರೆ. ಹಾಗಂದರೆ ನಾಲ್ಕು ಜನರ ಮುಂದೆ ಸ್ವಲ್ಪ ಮರ್ಯಾದೆ. ಕಂದು ಮೈ, ಮಡಿಚಿದ ಎಡಗಿವಿ, ಹಿಂಗಾಲಿನ ಒಂದು ಬೆರಳು ಸುಣ್ಣದಲ್ಲಿ ಅದ್ದಿದ ಹಾಗೆ ಬಿಳಿ. ಎರಡು ವರ್ಷದ ಹಿಂದೆ ಬಲಿಪಾಡ್ಯಮಿಯ ರಾತ್ರಿ ನಮ್ಮ ಎದುರು ಮನೆಯವರು ಒಂದು ಸರಪಟಾಕಿ ಹಚ್ಚಿದರು. ನಾನು ಗೇಟು ಅರ್ಧ ತೆರೆದುಕೊಂಡು ನೋಡುತ್ತ ನಿಂತಿದ್ದೆ. ಮನುಷ್ಯನ ಕಿವಿಗೆ ಸುಮಾರು 20,000 ಹರ್ಟ್ಸ್‌ವರೆಗಿನ ಸದ್ದು ಕೇಳುತ್ತದೆ. ನಾಯಿಯ ಕಿವಿ 40,000 ದಾಟಿದ್ದನ್ನೂ ಹಿಡಿಯುತ್ತದೆ. ನಮಗೆ ಪಟಪಟ ಅಂತ ಕೇಳಿದ್ದು ಅವನಿಗೆ ಏನಾಗಿ ಕೇಳಿತೋ. ನನ್ನ ಮೊಣಕಾಲಿನ ಪಕ್ಕದಿಂದ ಏನೋ ಕಂದಗೆ ಹಾದುಹೋದದ್ದು ಗೊತ್ತಾಯಿತು, ಅಷ್ಟೆ. ರಸ್ತೆ ತುಂಬ ಹೊಗೆ.

ನಾನೂ ನನ್ನ ಹೆಂಡತಿಯೂ ರಾತ್ರಿ ಎರಡು ಗಂಟೆಯವರೆಗೆ ಬೀದಿ ಬೀದಿ ಅಲೆದೆವು. ಬೆಳಗಾಗುವುದರೊಳಗೆ ಪುಣೆಯಲ್ಲಿರುವ ಮಗಳು ಫೋನಿನಲ್ಲೇ ಒಂದು ಪೋಸ್ಟರ್ ಮಾಡಿ ಕಳಿಸಿದಳು. ಚೆನ್ನಾಗಿಯೇ ಮಾಡಿದ್ದಳು. ನಾಯಿಯ ಹೆಸರು, ಮೂರು ಫೋಟೋ, ಕೆಂಪು ಬೆಲ್ಟು, ಮಡಿಚಿದ ಕಿವಿ, ಬಿಳಿ ಬೆರಳು, ಮೈಸೂರು ಕುವೆಂಪುನಗರದ ನಮ್ಮ ಅಡ್ಡರಸ್ತೆ, ಮನೆ ನಂಬರು, ನಮ್ಮಿಬ್ಬರ ಮೊಬೈಲ್ ನಂಬರು. ಕೆಳಗೆ ಹಳದಿ ಪಟ್ಟಿಯ ಮೇಲೆ ದಪ್ಪಕ್ಷರದಲ್ಲಿ, ‘ಹುಡುಕಿಕೊಟ್ಟವರಿಗೆ 10,000 ರೂಪಾಯಿ ಬಹುಮಾನ’. “ಅಪ್ಪ, ಡೀಟೇಲ್ಸ್ ಎಷ್ಟಿದ್ರೆ ಅಷ್ಟು ಒಳ್ಳೇದು” ಅಂದಳು. ನನಗೂ ಹಾಗೇ ಅನ್ನಿಸಿತು. ಜೆರಾಕ್ಸ್ ಹಾಕಿಸಿ ಹಾಲಿನ ಬೂತು, ಔಷಧಿ ಅಂಗಡಿ, ಕರೆಂಟ್ ಕಂಬ ಅಂತ ಅಂಟಿಸಿ, ಗೊತ್ತಿದ್ದ ವಾಟ್ಸಾಪ್ ಗುಂಪುಗಳಿಗೆಲ್ಲ ಬಿಟ್ಟೆವು. ಮನೆಯ ಬೀಗದ ಕೈಯನ್ನು ಹೊಸಿಲ ಮೇಲೆ ಇಟ್ಟು ಬಂದ ಹಾಗೆ ಅದು, ಅಂತ ಆಮೇಲೆ ಗೊತ್ತಾಯಿತು.

ಫೋನು ಬಂದದ್ದು ಮರುದಿನ ರಾತ್ರಿ ಹತ್ತೂಮುಕ್ಕಾಲಿನ ಹೊತ್ತಿಗೆ. “ಸಾರ್, ಗುಂಡನ ಓನರ್ರಾ?” ಅಂದಿತು ಒಂದು ಗಂಡು ದನಿ.

ಇಡೀ ದಿನ ನಾವಿಬ್ಬರೇ ಕೂಗಿ ಕೂಗಿ ಸವೆಸಿದ ಹೆಸರು ಬೇರೆಯವರ ಬಾಯಲ್ಲಿ ಕೇಳಿದ ಕೂಡಲೇ ನನ್ನ ಗಂಟಲು ಕಟ್ಟಿತು. ಹೂಂ ಅನ್ನುವುದಕ್ಕೂ ಆಗಲಿಲ್ಲ.

“ನಾಯಿ ಸೇಫಾಗಿದೆ ಸಾರ್, ಟೆನ್ಶನ್ ತಗೋಬೇಡಿ. ಕೆಂಪು ಬೆಲ್ಟು, ಕಿವಿ ಮಡಿಚ್ಕೊಂಡಿದೆ, ಹಿಂದ್ಗಡೆ ಕಾಲಲ್ಲಿ ಬಿಳೀ ಬೆರಳು. ನಾವು ಗೂಡ್ಸ್ ಗಾಡಿಯವ್ರು. ಮದ್ದೂರು ಹತ್ರ ಹೈವೇನಲ್ಲಿ ಸಿಕ್ತು. ಬಿಟ್ಟಿದ್ರೆ ಲಾರಿ ಚಕ್ರಕ್ಕೆ ಹೋಗ್ತಿತ್ತು.”

ಜೊತೆಗೇ ಒಂದು ಫೋಟೋ ಬಂತು. ಗಾಡಿಯ ಹಿಂಭಾಗ, ಗೋಣಿಚೀಲದ ಮೇಲೆ ನಮ್ಮ ಗುಂಡ. ಮಬ್ಬು ಬೆಳಕು, ಆದರೆ ಅವನೇ. ಈಗಲೇ ಕಾರು ತೆಗೆದುಕೊಂಡು ಬರುತ್ತೇನೆ, ಎಲ್ಲಿದ್ದೀರಿ ಅಂದೆ. “ನಾವು ಬೆಂಗಳೂರಿಗೆ ಲೋಡ್ ಹೊಡೀತಿದೀವಿ ಸಾರ್, ನಿಲ್ಲೋಕಾಗಲ್ಲ. ನಿಮ್ಗೋಸ್ಕರ ಗಾಡಿ ವಾಪಸ್ ತಿರುಗಿಸ್ತೀನಿ. ಡೀಸೆಲ್‌ಗೆ ಒಂದೆರಡು ಸಾವಿರ ಹಾಕಿ.”

ಹಾಕಿದೆ. ಮೂವತ್ತೊಂದು ವರ್ಷ ಬ್ಯಾಂಕಿನ ಕೌಂಟರಿನ ಹಿಂದೆ ಕೂತು, ಸಹಿ ಒಂದೆಳೆ ಆಚೀಚೆಯಾದರೂ ಚೆಕ್ಕು ವಾಪಸ್ ಮಾಡುತ್ತಿದ್ದವನು ನಾನು. ಮೈಸೂರಿನಿಂದ ಮದ್ದೂರು ಸುಮಾರು 60 ಕಿಲೋಮೀಟರು, ಒಂದು ಹಗಲು ರಾತ್ರಿಯಲ್ಲಿ ಬೆದರಿದ ನಾಯಿಯೊಂದು ಅಲ್ಲಿಗೆ ಹೇಗೆ ಹೋಯಿತು ಅಂತ ಒಂದು ಸಲ ಕೇಳಿಕೊಳ್ಳಲಿಲ್ಲ. 2,000 ರೂಪಾಯಿ ಟಿಣ್ ಅಂತ ಹೋಯಿತು.

ಇಪ್ಪತ್ತು ನಿಮಿಷಕ್ಕೆ ಮತ್ತೆ ಫೋನು. ಈ ಸಲ ದನಿಯಲ್ಲಿ ಏದುಸಿರು. ನಾಯಿ ವಾಂತಿ ಮಾಡುತ್ತಿದೆ, ಬಾಯಲ್ಲಿ ರಕ್ತ, ಏನೋ ತಿಂದಿದೆ, ಡಾಕ್ಟರ ಹತ್ತಿರ ತಂದಿದ್ದೇವೆ, ಮಾತಾಡಿ. ಫೋನು ಇನ್ನೊಬ್ಬರ ಕೈಗೆ ಹೋಯಿತು. ಈ ಡಾಕ್ಟರದು ನಿಧಾನದ ಮಾತು, ನಡುನಡುವೆ ಇಂಗ್ಲಿಷು. ಕೂಡಲೇ ಆಪರೇಶನ್ ಆಗಬೇಕು, 8,500 ಅಡ್ವಾನ್ಸ್ ಕಟ್ಟಬೇಕು. “ಗಾಬರಿ ಬೇಡಿ ಸರ್, ಇದು ಪ್ರಾಣಿದಯಾ ಟ್ರಸ್ಟ್‌ನಿಂದ ನಿಮಗೆ ರೀಫಂಡ್ ಆಗುತ್ತೆ. ಎರಡು ಕ್ಯೂಆರ್ ಕೋಡ್ ಕಳಿಸಿದೀನಿ. ಒಂದರಲ್ಲಿ ಕಟ್ಟಿ, ಇನ್ನೊಂದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕಿದ್ರೆ ದುಡ್ಡು ನಿಮ್ಮ ಅಕೌಂಟಿಗೆ ವಾಪಸ್ ಬೀಳುತ್ತೆ.”

ನಾನು ಕನ್ನಡಕ ಹುಡುಕುತ್ತಿದ್ದೆ. ಅಷ್ಟರಲ್ಲಿ ನನ್ನ ಹೆಂಡತಿ, “ಇಲ್ಲಿ ಕೊಡೀಂದ್ರೆ” ಅಂತ ಫೋನು ಕಿತ್ತುಕೊಂಡು ಸ್ಪೀಕರಿಗೆ ಹಾಕಿದಳು.

“ಡಾಕ್ಟ್ರೇ, ಅದರ ಬಾಲದ ತುದೀಲಿ ಒಂದು ಗಾಯ ಆಗಿತ್ತು. ಹೋದ ವಾರ ಮುಲಾಮು ಹಚ್ಚಿದ್ವಿ. ಒಣಗಿದೆಯಾ ಸ್ವಲ್ಪ ನೋಡ್ತೀರಾ?”

ಆ ಕಡೆ ಒಂದು ಕ್ಷಣ ಸದ್ದಿಲ್ಲ. “ಒಣಗ್ತಿದೆ ಅಮ್ಮ. ಸ್ವಲ್ಪ ಕೀವಿದೆ. ಅದಕ್ಕೂ ಸೇರಿಸಿ ಇಂಜೆಕ್ಷನ್ ಕೊಡ್ತೀವಿ.”

ಗುಂಡನಿಗೆ ಬಾಲವೇ ಇಲ್ಲ. ಮರಿಯಾಗಿದ್ದಾಗ ಆಟೋ ಚಕ್ರಕ್ಕೆ ಸಿಕ್ಕಿ ಹೋಗಿದೆ. ನಮ್ಮ ಪೋಸ್ಟರಿನ ಮೂರು ಫೋಟೋದಲ್ಲೂ ಅವನು ಕೂತಿದ್ದಾನೆ. ಎದುರಿನಿಂದ ನೋಡಿದವರಿಗೆ ಬಾಲ ಇದೆಯೋ ಇಲ್ಲವೋ ತಿಳಿಯುವ ಹಾಗಿಲ್ಲ.

ನನ್ನ ಹೆಂಡತಿ ಫೋನು ಇಟ್ಟಳು. ಬೈಯಲಿಲ್ಲ, ನನ್ನನ್ನೂ ಸಹ. ಅಡುಗೆಮನೆಗೆ ಹೋಗಿ ಎರಡು ಲೋಟ ನೀರು ತಂದಳು. ಬೆಳಿಗ್ಗೆ ಮಗಳು ಆ ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಳು. ಗೋಣಿಚೀಲ, ಗಾಡಿ, ಕತ್ತಲೆ ಎಲ್ಲ ಹೊಸದು. ನಾಯಿ ಮಾತ್ರ ನಮ್ಮ ಪೋಸ್ಟರಿನದೇ. ಕಣ್ಣಿನ ಪಾಪೆಯಲ್ಲಿ ನಮ್ಮ ನಡುಮನೆಯ ಟ್ಯೂಬ್‌ಲೈಟಿನ ಬಿಳಿ ಗೆರೆ ಹಾಗೇ ಇತ್ತು.

ಇದನ್ನೆಲ್ಲ ಇಷ್ಟು ಉದ್ದಕ್ಕೆ ಯಾಕೆ ಹೇಳಿದೆ ಅಂದರೆ, ಈ ಕಸುಬಿನವರ ಹತ್ತಿರ ನಿಮ್ಮ ನಾಯಿ ಇರುವುದಿಲ್ಲ. ಅವರ ಹತ್ತಿರ ಇರುವುದು ನಿಮ್ಮ ಪೋಸ್ಟರು. ಆ ರಾತ್ರಿ ಅವನು ನನಗೆ ಹೇಳಿದ ಒಂದೊಂದು ಮಾತೂ ನಾನೇ ಕಂಬಕ್ಕೆ ಅಂಟಿಸಿ ಬಂದದ್ದು. ನನ್ನ ಸರಕನ್ನೇ ನನಗೆ ಮಾರಿದ. ಫೋಟೋ ಕಳಿಸಿದ್ದಾರಲ್ಲ ಅನ್ನುತ್ತೀರಾ? ಈಗ ಕೃತಕ ಬುದ್ಧಿಮತ್ತೆಗೆ ಒಂದು ಫೋಟೋ ಕೊಟ್ಟರೆ ಸಾಕು, ಅದೇ ನಾಯಿಯನ್ನು ಆಸ್ಪತ್ರೆಯ ಮೇಜಿನ ಮೇಲೆ ಗ್ಲೂಕೋಸ್ ಏರಿಸಿ ಮಲಗಿಸಿ ಕೊಡುತ್ತದೆ. ಅಮೆರಿಕದಲ್ಲಿ ಇಂಥ ಚಿತ್ರ ತೋರಿಸಿ, ಊರಿನ ಪ್ರಾಣಿ ಆಶ್ರಯಧಾಮದ ಹೆಸರು ಹೇಳಿಕೊಂಡು, ಶಸ್ತ್ರಚಿಕಿತ್ಸೆಯ ಖರ್ಚು ಅಂತ ಹಣ ಕಿತ್ತ ಪ್ರಕರಣಗಳು ಸುದ್ದಿಯಾಗಿವೆ. ನಮ್ಮವರು ಹಿಂದೆ ಬೀಳುತ್ತಾರೆಯೇ?

ಆಮೇಲೆ ವಿಚಾರಿಸುತ್ತ ಹೋದಾಗ ಬೇರೆ ಬೇರೆ ವರಸೆಗಳು ತಿಳಿದವು. ನಮ್ಮ ಹಿಂದಿನ ರಸ್ತೆಯ ಟೀಚರೊಬ್ಬರ ಬೆಕ್ಕು ತಪ್ಪಿಸಿಕೊಂಡಿತ್ತು. ಅವರಿಗೆ ಬಂದ ಫೋನಿನಲ್ಲಿ ದುಡ್ಡಿನ ಮಾತೇ ಇಲ್ಲ. “ಮೇಡಂ, ಬೆಕ್ಕು ಸಿಕ್ಕಿದೆ. ಆದ್ರೆ ಸುಮಾರು ಜನ ನಂದು ನಂದು ಅಂತಿದಾರೆ. ನೀವೇ ನಿಜವಾದ ಓನರ್ ಅಂತ ಗೊತ್ತಾಗ್ಬೇಕಲ್ಲ, ನಿಮ್ಮ ಮೊಬೈಲಿಗೆ ಆರಂಕಿಯ ಕೋಡ್ ಬರುತ್ತೆ, ಹೇಳಿ.” ಎಷ್ಟು ನ್ಯಾಯವಾದ ಮಾತು ನೋಡಿ! ಕೋಡ್ ಹೇಳಿದರು. ಅದು ಅವರ ವಾಟ್ಸಾಪನ್ನು ಬೇರೆ ಫೋನಿನಲ್ಲಿ ತೆರೆಯುವ ಕೋಡು. ಹತ್ತು ನಿಮಿಷದಲ್ಲಿ ಅವರ ತಂಗಿ, ಬೀಗರು, ಹಳೆ ವಿದ್ಯಾರ್ಥಿಗಳು, ಎಲ್ಲರಿಗೂ ಟೀಚರ ಹೆಸರಿನಲ್ಲೇ ಸಂದೇಶ: ತುರ್ತಾಗಿ 15,000 ಬೇಕು, ಸಂಜೆ ಕೊಡುತ್ತೇನೆ.

ಮತ್ತೆ ಕೆಲವರಿಗೆ ಬರುವುದು ಒಂದು ಆ್ಯಪು. ನಿಮ್ಮ ನಾಯಿ ಈಗ ಎಲ್ಲಿದೆ ಅಂತ ಮ್ಯಾಪಿನಲ್ಲಿ ನೋಡಬಹುದು, ಈ ಫೈಲು ಹಾಕಿಕೊಳ್ಳಿ ಅನ್ನುತ್ತಾರೆ. ಹೆಸರಿನ ಕೊನೆಯಲ್ಲಿ ಎಪಿಕೆ ಅಂತಿರುತ್ತದೆ. ಹಾಕಿಕೊಂಡರೆ ನಾಯಿ ಕಾಣುವುದಿಲ್ಲ, ನಿಮ್ಮ ಫೋನಿಗೆ ಬರುವ ಒಟಿಪಿಗಳು ಅವರಿಗೆ ಕಾಣುತ್ತವೆ. ಮೈಕ್ರೋಚಿಪ್ ಹಾಕಿಸಿದವರನ್ನು ಹಿಡಿಯುವ ಬಲೆ ಇನ್ನೊಂದು ಬಗೆ. ‘ಚಿಪ್ಪಿನ ಸಿಗ್ನಲ್ ಉಪಗ್ರಹಕ್ಕೆ ಸಿಕ್ಕಿದೆ, ಚಾರ್ಜು ಕಟ್ಟಿ’ ಅನ್ನುತ್ತಾರೆ. ಆ ಚಿಪ್ಪು ಅಕ್ಕಿಕಾಳಿಗಿಂತ ಸ್ವಲ್ಪ ದಪ್ಪ ಇರುತ್ತದೆ ಅಷ್ಟೆ, ಭುಜಗಳ ನಡುವೆ ಚರ್ಮದಡಿ ಹಾಕುತ್ತಾರೆ. ಅದಕ್ಕೆ ಬ್ಯಾಟರಿಯೂ ಇಲ್ಲ, ಜಿಪಿಎಸ್ಸೂ ಇಲ್ಲ. ಸ್ಕ್ಯಾನರನ್ನು ಮೈ ಹತ್ತಿರ ಹಿಡಿದಾಗ ಹದಿನೈದು ಅಂಕಿಯ ಒಂದು ನಂಬರು ಹೇಳುತ್ತದೆ. ಆ ನಂಬರಿನ ಎದುರು ನಿಮ್ಮ ಹೆಸರು ನೋಂದಾಯಿಸಿದ್ದರೆ ಮಾತ್ರ ಉಪಯೋಗ. ಹಾಕಿಸಿ, ಒಳ್ಳೆಯದೇ, ನಾಳೆ ನಾಯಿ ಯಾರದೆಂದು ತಕರಾರು ಬಂದರೆ ಅದೇ ಸಾಕ್ಷಿ. ಆಕಾಶದಿಂದ ಅದನ್ನು ಯಾರೂ ನೋಡಲಾರರು.

ಇನ್ನು ಆ ಎರಡನೆಯ ಕ್ಯೂಆರ್ ಕೋಡು. ಬ್ಯಾಂಕಿನವನಾಗಿ ಇದನ್ನು ನಾನು ಎಷ್ಟು ಜನಕ್ಕೆ ಹೇಳಿದ್ದೆನೋ ಲೆಕ್ಕವಿಲ್ಲ. ಯುಪಿಐ ಪಿನ್ ಹಾಕುವುದು ದುಡ್ಡು ಕೊಡುವುದಕ್ಕೆ, ಅಥವಾ ನಿಮ್ಮ ಖಾತೆಯಲ್ಲಿ ಎಷ್ಟಿದೆ ಅಂತ ನೋಡಿಕೊಳ್ಳುವುದಕ್ಕೆ. ದುಡ್ಡು ಬರುವುದಕ್ಕೆ ಪಿನ್ನೂ ಬೇಡ, ಸ್ಕ್ಯಾನೂ ಬೇಡ. ತರಕಾರಿ ಗಾಡಿಯವರು ನಿಮ್ಮ ಹತ್ತಿರ ದುಡ್ಡು ತೆಗೆದುಕೊಳ್ಳುವಾಗ ಪಿನ್ ಒತ್ತುತ್ತಾರೆಯೇ? ಇಲ್ಲವಲ್ಲ. ಇಷ್ಟು ಗೊತ್ತಿದ್ದ ನಾನೂ ಆ ರಾತ್ರಿ ಕನ್ನಡಕ ಹುಡುಕುತ್ತಿದ್ದೆ. ಗೊತ್ತಿರುವುದು ತಲೆಯಲ್ಲಿರುತ್ತದೆ. ನಾಯಿ ಕಳೆದುಕೊಂಡವನ ತಲೆ ಅವನ ಹತ್ತಿರ ಇರುವುದಿಲ್ಲ. ಅದಕ್ಕೇ ಇವರು ರಾತ್ರಿ ಹೊತ್ತು ಫೋನು ಮಾಡುತ್ತಾರೆ.

ಸಾಕುನಾಯಿಯ ಮೇಲಿನ ಪ್ರೀತಿಗೆ ಬೆಲೆ ಕಟ್ಟುವ ಕಸುಬು ಹೊಸದಲ್ಲ. ಹತ್ತೊಂಬತ್ತನೆಯ ಶತಮಾನದ ಲಂಡನ್ನಿನಲ್ಲಿ ಇದು ಚೆನ್ನಾಗಿ ನಡೆಯುವ ದಂಧೆಯಾಗಿತ್ತು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಹೆಸರು ಕೇಳಿರುತ್ತೀರಿ, ಮುಂದೆ ಕವಿ ರಾಬರ್ಟ್ ಬ್ರೌನಿಂಗ್ ಅವರನ್ನು ಮದುವೆಯಾದವರು. ಅವರ ಹತ್ತಿರ ಫ್ಲಶ್ ಅಂತ ಒಂದು ಸ್ಪಾನಿಯಲ್ ನಾಯಿ ಇತ್ತು. ಅದನ್ನು ಕಳ್ಳರು ಒಂದಲ್ಲ, ಮೂರು ಸಲ ಕದ್ದರು. ಮೂರನೆಯ ಸಲ 1846ರ ಸೆಪ್ಟೆಂಬರಿನಲ್ಲಿ, ಅವರ ಗುಟ್ಟಿನ ಮದುವೆಗೆ ಇನ್ನು ಕೆಲವೇ ದಿನವಿದ್ದಾಗ. ಕಾಯಿಲೆಯಿಂದ ವರ್ಷಗಟ್ಟಲೆ ಹೆಚ್ಚಾಗಿ ಕೋಣೆಯಲ್ಲೇ ಕಳೆದಿದ್ದ ಆ ಹೆಂಗಸು ಗಾಡಿ ಕಟ್ಟಿಸಿಕೊಂಡು ಕಳ್ಳರ ಕೇರಿಗೇ ಹೋದರು. ಅಪ್ಪ ಬೇಡ ಅಂದರು. ಬ್ರೌನಿಂಗ್ ಕೂಡ, ಇಂಥವರಿಗೆ ಕಾಸು ಬಿಚ್ಚಬಾರದು, ಅದು ತಪ್ಪು ಅಂತ ಕಾಗದ ಬರೆದರು. ಎಲಿಜಬೆತ್ ಯಾರ ಮಾತೂ ಕೇಳದೆ ಆರು ಗಿನಿ ತೆತ್ತು ನಾಯಿಯನ್ನು ಬಿಡಿಸಿಕೊಂಡರು. ವರ್ಜೀನಿಯಾ ವುಲ್ಫ್ 1933ರಲ್ಲಿ ಆ ನಾಯಿಯ ಜೀವನಚರಿತ್ರೆಯನ್ನೇ ಬರೆದರು.

ತತ್ವ ಬ್ರೌನಿಂಗರ ಕಡೆಗಿದೆ, ಒಪ್ಪುತ್ತೇನೆ. ನನ್ನ ಮನಸ್ಸು ಮಾತ್ರ ಆಕೆಯ ಕಡೆಗೇ ವಾಲುತ್ತದೆ. ಆದರೆ ಒಂದು ವ್ಯತ್ಯಾಸ ಗಮನಿಸಿ: ಲಂಡನ್ನಿನ ಆ ಕಳ್ಳರ ಹತ್ತಿರ ನಾಯಿ ಇತ್ತು. ಆರು ಗಿನಿ ಕೊಟ್ಟರೆ ಫ್ಲಶ್ ಮನೆಗೆ ಬಂತು. ನಮ್ಮ ಕಾಲದವರು ಕದಿಯುವ ಶ್ರಮವನ್ನೂ ತೆಗೆದುಕೊಳ್ಳುವುದಿಲ್ಲ.

ಕಳುವಾದದ್ದನ್ನು ಹುಡುಕಿಕೊಡುತ್ತೇನೆ ಅಂತ ದುಡ್ಡು ಕೇಳುವುದೇ ನಮ್ಮ ಕಾನೂನಿನಲ್ಲಿ ಅಪರಾಧ, ಕಳ್ಳನನ್ನು ಹಿಡಿಸಲು ಕೈಲಾದದ್ದನ್ನೆಲ್ಲ ಮಾಡದಿದ್ದರೆ. ಹಳೆಯ ದಂಡಸಂಹಿತೆಯಲ್ಲಿ ಅದು 215ನೆಯ ಕಲಮು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 252. ಮೋಸಕ್ಕೆ ನಾವೆಲ್ಲ ಫೋರ್‌ಟ್ವೆಂಟಿ ಅನ್ನುತ್ತೇವಲ್ಲ, ಅದು ಈಗ 318. ಬಾಯಿಗೆ ಇನ್ನೂ ಒಗ್ಗಿಲ್ಲ. ನಾಯಿ ಕದ್ದಿದ್ದಾರೆ ಅಂತ ಗುಮಾನಿ ಇದ್ದರೆ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ. ಲಸಿಕೆಯ ಪುಸ್ತಕ, ಫೋಟೋ, ಚಿಪ್ ಇದ್ದರೆ ಅದರ ನಂಬರು ಜೊತೆಗೆ ಒಯ್ಯಿರಿ. ನಾಯಿಗೇನು ಕೇಸು ಅಂತ ಹಿಂಜರಿಯಬೇಡಿ.

ದುಡ್ಡು ಹೋಗಿಬಿಟ್ಟಿದ್ದರೆ? ಪೆನ್ನು ಇದ್ದರೆ ಒಂದು ನಂಬರು ಬರೆದುಕೊಳ್ಳಿ. ಹತ್ತೊಂಬತ್ತು ಮೂವತ್ತು. ಒಂದು, ಒಂಬತ್ತು, ಮೂರು, ಸೊನ್ನೆ. ದೇಶಕ್ಕೆಲ್ಲ ಒಂದೇ ಸೈಬರ್ ವಂಚನೆಯ ಸಹಾಯವಾಣಿ ಅದು. ನಿಮ್ಮ ಖಾತೆಯ ವಿವರ, ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಯುಪಿಐ ಸಂದೇಶದಲ್ಲಿರುವ ಹನ್ನೆರಡು ಅಂಕಿಯ ವ್ಯವಹಾರದ ನಂಬರು, ಇಷ್ಟು ಕೈಯಲ್ಲಿರಲಿ. ಬೇಗ ಹೇಳಿದಷ್ಟೂ ಒಳ್ಳೆಯದು. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರುತ್ತಿರುವಾಗಲೇ ಬ್ಯಾಂಕು ಅದನ್ನು ತಡೆಹಿಡಿಯಲು ಸಾಧ್ಯ. ಯಾರೋ ಎಟಿಎಮ್ಮಿನಲ್ಲಿ ಎತ್ತಿಕೊಂಡ ಮೇಲೆ ಕಷ್ಟ. ನಾನು ಆ ರಾತ್ರಿಯೇ ಫೋನು ಮಾಡಿದೆ, ದೂರಿನ ಸಂಖ್ಯೆಯೂ ಬಂತು. 2,000 ವಾಪಸ್ ಬರಲಿಲ್ಲ, ಅಷ್ಟರಲ್ಲಿ ಅದು ಯಾರದೋ ಜೇಬು ಸೇರಿತ್ತು. ನಿಮ್ಮ ಬ್ಯಾಂಕಿಗೂ ಅದೇ ಹೊತ್ತಿಗೆ ತಿಳಿಸಿ. ರಿಸರ್ವ್ ಬ್ಯಾಂಕು 2017ರ ಜುಲೈನಲ್ಲಿ ಹೊರಡಿಸಿದ ಸೂಚನೆಯ ಪ್ರಕಾರ, ಪಿನ್ನೋ ಒಟಿಪಿಯೋ ನೀವೇ ಬಿಟ್ಟುಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಿಮ್ಮದು, ತಿಳಿಸಿದ ಮೇಲಿನದು ಬ್ಯಾಂಕಿನದು. ನಾಚಿಕೆಯಿಂದ ಬೆಳಗಿನವರೆಗೆ ಕಾದರೆ ಆ ನಾಚಿಕೆಗೂ ಬಡ್ಡಿ ಬೀಳುತ್ತದೆ. ಪುಣ್ಯಕ್ಕೆ ದುಡ್ಡು ಹೋಗದೆ ಬರೀ ಫೋನು ಬಂದಿದ್ದರೂ ಕೇಂದ್ರ ಸರ್ಕಾರದ ಸಂಚಾರ ಸಾಥಿಯಲ್ಲಿ ‘ಚಕ್ಷು’ ಅಂತ ಒಂದು ವ್ಯವಸ್ಥೆಯಿದೆ, ಆ ನಂಬರನ್ನು ಅಲ್ಲಿ ಹೇಳಿ ಬರಬಹುದು.

ಈಗ ಗುಂಡನ ವಿಷಯಕ್ಕೆ ಬರುತ್ತೇನೆ. ಮದ್ದೂರಿನ ಕಥೆ ಮುರಿದ ಮೇಲೆ ನಮಗೆ ಬುದ್ಧಿ ಬಂತು. ನಾಯಿ ಇನ್ನೆಲ್ಲಿರಬಹುದು ಅಂತ ಯೋಚಿಸುವ ಬದಲು ಇಲ್ಲೇ ಎಲ್ಲಿರಬಹುದು ಅಂತ ಯೋಚಿಸಿದೆವು. ಬೆಕ್ಕಿನ ಬಗ್ಗೆಯಂತೂ ಇದಕ್ಕೆ ಲೆಕ್ಕವೇ ಇದೆ. ಆಸ್ಟ್ರೇಲಿಯಾದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಸಿಕ್ಕಿದ ಬೆಕ್ಕುಗಳಲ್ಲಿ ನಾಲ್ಕರಲ್ಲಿ ಮೂರು, ತಪ್ಪಿಸಿಕೊಂಡ ಜಾಗದಿಂದ 500 ಮೀಟರಿನೊಳಗೇ ಇದ್ದವು. ಪಕ್ಕದ ಮನೆಯ ಸಜ್ಜದ ಮೇಲೆ, ನಿಂತ ಕಾರಿನ ಕೆಳಗೆ, ಸೌದೆ ಒಟ್ಟಿದ ಸಂದಿಯಲ್ಲಿ ಬೆಕ್ಕು ಉಸಿರು ಬಿಗಿಹಿಡಿದು ಕೂತಿರುತ್ತದೆ. ಯಜಮಾನಿ ಕೂಗಿದರೂ ಮಿಯಾಂವ್ ಅನ್ನುವುದಿಲ್ಲ. ರಾತ್ರಿ ಊರು ಮಲಗಿದ ಮೇಲೆ ಟಾರ್ಚು ಹಿಡಿದು ಹೋದರೆ ಎರಡು ಕಣ್ಣು ಹೊಳೆದಾವು. ಇದು ಗೊತ್ತಿದ್ದವರಿಗೆ ‘ನಿಮ್ಮ ಬೆಕ್ಕು ತುಮಕೂರಿನಲ್ಲಿ ಸಿಕ್ಕಿತು’ ಅಂತ ಯಾರಾದರೂ ಫೋನು ಮಾಡಿದರೆ ನಗು ಬರಬೇಕು. ನಾಯಿ ಇನ್ನೂ ದೂರ ಓಡಬಹುದು, ಆದರೂ ಬೆದರಿದ ನಾಯಿ ಒಂದು ಸಂದಿ ಸಿಕ್ಕಿದರೆ ಅಲ್ಲೇ ಸೇರಿಕೊಳ್ಳುವುದೂ ಉಂಟು.

ನಾವು ಫೋನು ಒಳಗಿಟ್ಟು ಕಾಲಿಗೆ ಕೆಲಸ ಕೊಟ್ಟೆವು. ಬೆಳಗಿನ ಹೊತ್ತು ಎದ್ದಿರುವವರನ್ನು ಕೇಳುತ್ತ ಹೋದೆವು. ಹಾಲಿನವರು, ಪೇಪರ್ ಹುಡುಗರು, ಕಸದ ಆಟೋದವರು, ಕಟ್ಟಡದ ವಾಚ್‌ಮನ್‌ಗಳು. ನಾಲ್ಕನೆಯ ದಿನ ಆರೂವರೆಗೆ ನಮ್ಮ ಬೀದಿ ಗುಡಿಸುವ ಪೌರಕಾರ್ಮಿಕ ಹೆಂಗಸೊಬ್ಬರು ಗೇಟು ಬಡಿದರು. “ಅಮ್ಮಾರೇ, ಮೋಟು ಬಾಲದ್ದು ನಾಯಿ ನಿಮ್ದೇಯಾ? ಆ ಮೂರ್ನೇ ರೋಡಲ್ಲಿ ಅರ್ಧ ಕಟ್ಟಿರೋ ಮನೆ ಐತಲ್ಲ, ಅದ್ರೊಳಗೆ ಶೀಟ್ ಅಡೀಲಿ ಅವಿತ್ಕಂಡದೆ. ಹತ್ರ ಹೋದ್ರೆ ಗುರ್ ಅಂತದೆ. ಬನ್ನಿ, ತೋರುಸ್ತೀನಿ.”

ಮೋಟು ಬಾಲ. ಪೋಸ್ಟರಿನಲ್ಲಿ ಇಲ್ಲದ ಮಾತು. ನಾನೂ ನನ್ನ ಹೆಂಡತಿಯೂ ಮುಖ ಮುಖ ನೋಡಿಕೊಂಡೆವು. ಚಪ್ಪಲಿ ಹಾಕಿಕೊಳ್ಳಲಿಲ್ಲ.

ಅವನನ್ನು ಎತ್ತಿಕೊಂಡು ಬಂದು, ಮೈ ತೊಳೆದು, ಮೊಸರನ್ನ ಹಾಕಿದ ಮೇಲೆ ಬಹುಮಾನದ ನೆನಪಾಯಿತು. ಆಕೆಯನ್ನು ಹುಡುಕಿಕೊಂಡು ಹೋಗಿ, ಫೋನ್‌ಪೇ ನಂಬರು ಕೊಡಿ, 10,000 ಹಾಕುತ್ತೇನೆ ಅಂದೆ. ಆಕೆ ಪೊರಕೆ ಹಿಡಿದುಕೊಂಡೇ ಎರಡು ಹೆಜ್ಜೆ ಹಿಂದೆ ಸರಿದರು. “ಬ್ಯಾಡಿ ಸಾ. ನಂಬರ್ ಕೇಳಿ ಮೋಸ ಮಾಡ್ತಾರಂತೆ, ನನ್ನ ಮಗ ಹೇಳವ್ನೆ.” ಬ್ಯಾಂಕಿಗೆ ಹೋಗಿ ನೋಟು ತಂದುಕೊಟ್ಟೆ. ಎರಡು ಸಲ ಎಣಿಸಿಕೊಂಡರು.

ಆಗಿನಿಂದ ಯಾರಾದರೂ ನಾಯಿ ಬೆಕ್ಕು ಕಳೆದುಹೋಯಿತು ಅಂತ ನನ್ನ ಹತ್ತಿರ ಬಂದರೆ ಒಂದು ಮಾತು ಹೇಳುತ್ತೇನೆ. ನಿಜವಾಗಿ ಸಿಕ್ಕವರು ‘ಬನ್ನಿ’ ಅನ್ನುತ್ತಾರೆ, ಸಿಗದವರು ‘ಕಳಿಸಿ’ ಅನ್ನುತ್ತಾರೆ. ಮನೆಗೆ ಬಂದ ಬೇರೆಯವರ ನಾಯಿ ಅಂದರೆ ಹೊರೆ, ಕುಯ್‌ಗುಡುತ್ತಿರುತ್ತದೆ, ಯಾವಾಗ ಕರೆದುಕೊಂಡು ಹೋಗುತ್ತಾರೋ ಅಂತ ಅವರು ಕಾಯುತ್ತಿರುತ್ತಾರೆ. ಬರಬೇಡಿ ಅನ್ನುವವರ ಹತ್ತಿರ ಏನೂ ಇಲ್ಲ. ಹಾಗೆಂದು ಬನ್ನಿ ಅಂದ ಕಡೆಗೆಲ್ಲ ರಾತ್ರಿ ಒಬ್ಬರೇ ಹೊರಡಬೇಡಿ. ಹಗಲು ಹೊತ್ತು, ಜೊತೆಗೊಬ್ಬರನ್ನು ಕರೆದುಕೊಂಡು, ಪಶು ಆಸ್ಪತ್ರೆಯೋ ಪೊಲೀಸ್ ಠಾಣೆಯೋ, ನಾಲ್ಕು ಜನ ಓಡಾಡುವ ಕಡೆ ಭೇಟಿಯಾಗಿ. ದೂರದವರಾದರೆ ವೀಡಿಯೋ ಕಾಲ್ ಮಾಡಿ ಅನ್ನಿ, ನೀವು ಹೆಸರು ಕೂಗಿ, ಕಿವಿ ನಿಮಿರುತ್ತದೋ ನೋಡಿ. ಕ್ಯಾಮೆರಾ ಕೆಟ್ಟಿದೆ ಅಂದರೆ ಮುಗಿಯಿತು.

ಪೋಸ್ಟರಿನ ಬಗ್ಗೆಯೂ ಈಗ ನನಗೆ ಅಭಿಪ್ರಾಯಗಳಿವೆ. ಒಂದು ಗುರುತನ್ನು ಹೊಟ್ಟೆಯಲ್ಲಿಟ್ಟುಕೊಳ್ಳಿ, ಫೋಟೋದಲ್ಲೂ ಬರದ ಹಾಗೆ. ಫೋನು ಮಾಡಿದವರನ್ನು ಅದನ್ನೇ ಕೇಳಿ, ಇಲ್ಲವೇ ನನ್ನ ಹೆಂಡತಿಯ ಹಾಗೆ ಇಲ್ಲದ ಗುರುತನ್ನು ಕೇಳಿ. ಇದ್ದದ್ದನ್ನು ಕೇಳುವುದಕ್ಕಿಂತ ಇಲ್ಲದ್ದನ್ನು ಕೇಳುವುದೇ ಮೇಲು. ಸುಳ್ಳು ಹೇಳುವವರಿಗೆ ಇಲ್ಲ ಅನ್ನುವ ಧೈರ್ಯ ಇರುವುದಿಲ್ಲ. ಬಹುಮಾನದ ಮೊತ್ತ ಬರೆಯಬೇಡಿ, ‘ಸೂಕ್ತ ಬಹುಮಾನ’ ಸಾಕು. ಮನೆ ನಂಬರು ಖಂಡಿತ ಬೇಡ. ಬ್ಯಾಂಕಿಗೆ ಜೋಡಿಸಿರದ ಒಂದು ಸಿಮ್ ಇದ್ದರೆ ಅದರ ನಂಬರು ಕೊಡಿ. ನಾಯಿಯ ಹೆಸರನ್ನೂ ಹಾಕಬಾರದು ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಗುರ್ ಅನ್ನುವ ನಾಯಿಯನ್ನು ಹೆಸರು ಹಿಡಿದು ಕರೆದರೆ ಹಿಡಿಯುವವರ ಕೈ ಉಳಿಯುತ್ತದೆ. ಇನ್ನು ತಾರೀಕು ಹಾಕಿ. ನಾವು ಹಾಕಿರಲಿಲ್ಲ. ಕಂಬದ ಮೇಲಿನದನ್ನೆಲ್ಲ ಕಿತ್ತು ತಂದೆವು, ವಾಟ್ಸಾಪಿನಲ್ಲಿ ಹೋದದ್ದನ್ನು ಕೀಳುವುದು ಹೇಗೆ? ಅದು ಗುಂಪಿನಿಂದ ಗುಂಪಿಗೆ, ಊರಿನಿಂದ ಊರಿಗೆ ಈಗಲೂ ತಿರುಗುತ್ತಿದೆ. ನಮ್ಮ ಗುಂಡ ನಮ್ಮ ಮನೆಯಲ್ಲೇ ಮಲಗಿರುವಾಗ ಬೇರೆ ಊರುಗಳಲ್ಲಿ ಇನ್ನೂ ಕಾಣೆಯಾಗಿದ್ದಾನೆ.

ಎಂಟು ತಿಂಗಳಾದ ಮೇಲೆ, ಜೂನ್ ತಿಂಗಳ ಒಂದು ಮಳೆಯ ಸಂಜೆ, ಹೊಸ ನಂಬರಿನಿಂದ ಫೋನು ಬಂತು. ನಾನು ಹುಷಾರಾಗಿದ್ದೆ. ಆ ಕಡೆ ಒಬ್ಬ ಹುಡುಗ, ಹತ್ತೋ ಹನ್ನೊಂದೋ ವರ್ಷದವನಿರಬೇಕು, ಅಮ್ಮನ ಫೋನು.

“ಅಂಕಲ್, ನಿಮ್ಮ ನಾಯಿ ನಮ್ಮನೇಲಿ ಐತೆ. ನಂಜನಗೂಡು. ಬೇಗ ಬನ್ನಿ, ನಮ್ಮಪ್ಪ ಬಂದ್ರೆ ಓಡುಸ್ಬುಡ್ತಾರೆ.”

“ಬಾಲ ಹೇಗಿದೆ ಮರಿ?” ಅಂದೆ.

“ಉದ್ದಕ್ಕೈತೆ ಅಂಕಲ್. ಅಲ್ಲಾಡುಸ್ತೈತೆ.”

ನಮ್ಮ ನಾಯಿ ಆಗಲೇ ಸಿಕ್ಕಿದೆ, ನೀನು ತುಂಬ ಒಳ್ಳೆಯ ಕೆಲಸ ಮಾಡಿದೆ, ಅಂದೆ. ಹುಡುಗ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಹಿಂದಿನಿಂದ ಮಳೆ ಸದ್ದು, ನಾಯಿಯೊಂದು ತಟ್ಟೆ ನೆಕ್ಕುವ ಸದ್ದು ಕೇಳುತ್ತಿತ್ತು.

“ಹಂಗಾದ್ರೆ ಇದು ಯಾರ್ದು ಅಂಕಲ್?” ಅಂದ.